ಶಿಷ್ಯರಿಗೆ ನೊಬೆಲ್ ಬಂತು, ಗುರುವಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಐರ್ಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಜೆ. ಡಿ. ಬರ್ನಾಲ್ ಅವರ ಕೈಕೆಳಗೆ ಪಳಗಿದವರು ನೊಬೆಲ್ ಪಡೆದರು. ಅವರಿಗೆ ಮಾತ್ರ ಬರಲಿಲ್ಲ. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ತಪ್ಪಿಸಿದರೆ?

ಉತ್ತರ: ಬರ್ನಾಲ್ ಹೆಸರು ಎತ್ತಿದ ಕಡೆಯೆಲ್ಲ ಈ ಪ್ರಶ್ನೆ ಏಳುತ್ತದೆ. ಮುಖ್ಯ ಕಾರಣ ಅದಲ್ಲ ಅಂತಲೇ ನನ್ನ ಅನಿಸಿಕೆ. ರಾಜಕೀಯ ಅವರಿಂದ ಕಿತ್ತುಕೊಂಡದ್ದು ಬಹಳವಿದೆ, ಆದರೆ ನೊಬೆಲ್ ಕೈತಪ್ಪಿದ್ದಕ್ಕೆ ಅವರ ಸ್ವಭಾವವೇ ಸಾಕಾಗಿತ್ತು.

1934ರ ಒಂದು ಪ್ರಸಂಗ ನೋಡಿ. ಆಗ ಅವರು ಕೇಂಬ್ರಿಜ್‌ನಲ್ಲಿದ್ದರು. ಸ್ವೀಡನ್ನಿನ ಉಪ್ಸಾಲಾದಿಂದ ಪರಿಚಿತರೊಬ್ಬರು ಪೆಪ್ಸಿನ್ ಹರಳುಗಳಿರುವ ಚಿಕ್ಕ ಗಾಜಿನ ನಳಿಕೆ ತಂದುಕೊಟ್ಟರು. ಪೆಪ್ಸಿನ್ ಅಂದರೆ ನಮ್ಮ ಹೊಟ್ಟೆಯಲ್ಲಿ ಮಾಂಸ, ಬೇಳೆಯ ಪ್ರೋಟೀನನ್ನು ಕರಗಿಸುವ ಕಿಣ್ವ, ಅದೂ ಒಂದು ಪ್ರೋಟೀನೇ. ಆವರೆಗೆ ಪ್ರೋಟೀನ್ ಹರಳಿಗೆ ಎಕ್ಸ್-ರೇ ಹಾಯಿಸಿದವರಿಗೆಲ್ಲ ಸಿಕ್ಕಿದ್ದು ಮಸುಕು ಮಸುಕಾದ ಚಿತ್ರ. ಪ್ರೋಟೀನಿಗೆ ಅಚ್ಚುಕಟ್ಟಾದ ರಚನೆಯೇ ಇಲ್ಲವೇನೋ ಎಂದುಕೊಂಡವರೂ ಇದ್ದರು. ಬರ್ನಾಲ್ ಹರಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸುಮ್ಮನೆ ನೋಡುತ್ತ ಕೂತರು. ಒಣಗುತ್ತ ಒಣಗುತ್ತ ಅದರ ಹೊಳಪು ಹೋಯಿತು. ಓಹೋ, ಒಣಗಿದರೆ ಒಳಗಿನ ಜೋಡಣೆಯೇ ಕುಸಿಯುತ್ತದೆ! ಹರಳನ್ನು ಅದು ಬೆಳೆದ ದ್ರವದ ಸಮೇತ ಕೂದಲೆಳೆಯಂಥ ಗಾಜಿನ ನಳಿಕೆಗೆ ಇಳಿಸಿ ಎಕ್ಸ್-ರೇ ಹಾಯಿಸಿದರು. ಫಲಕದ ತುಂಬ ಸ್ಪಷ್ಟವಾದ ಚುಕ್ಕಿಗಳು, ಅಂದರೆ ಒಳಗೆ ಅಚ್ಚುಕಟ್ಟಾದ ರಚನೆ ಇದೆ ಎಂಬುದರ ಗುರುತು. ಆ ರಾತ್ರಿ ಖುಷಿ ತಡೆಯಲಾರದೆ ಕೇಂಬ್ರಿಜ್ ಬೀದಿಗಳಲ್ಲಿ ಅಲೆದರಂತೆ. ಇಂದು ಔಷಧ ಕಂಪನಿಗಳು ಪ್ರೋಟೀನಿನ ಆಕಾರ ನೋಡಿ ಮದ್ದು ರೂಪಿಸುತ್ತವಲ್ಲ, ಅದರ ಮೊದಲ ಮೆಟ್ಟಿಲು ಇದು.

ಬೇರೆಯವರಾಗಿದ್ದರೆ ಆ ಒಂದೇ ಹರಳಿನ ಬೆನ್ನು ಹತ್ತಿ ಇಪ್ಪತ್ತು ವರ್ಷ ಕಳೆಯುತ್ತಿದ್ದರು. ಬರ್ನಾಲ್ ಹಾಗೆ ಮಾಡಲಿಲ್ಲ. ಹೆಪ್ಪು ಹಾಕಿದವರು ಅವರು, ಕಡೆದು ಬೆಣ್ಣೆ ತೆಗೆದವರು ಇತರರು. ಪೆಪ್ಸಿನ್ ಕೆಲಸದಲ್ಲಿ ಜೊತೆಗಿದ್ದ ಡೊರೊತಿ ಹಾಜ್ಕಿನ್‌ಗೆ 1964ರಲ್ಲಿ ನೊಬೆಲ್ ಬಂತು. 1936ರಲ್ಲಿ ವಿಯೆನ್ನಾದಿಂದ ಬರ್ನಾಲ್ ಬಳಿ ಕಲಿಯಲು ಬಂದ ಮ್ಯಾಕ್ಸ್ ಪೆರುಟ್ಜ್, ಹಿಮೋಗ್ಲೋಬಿನ್ ಹಿಡಿದು ಎರಡು ದಶಕ ಅಲ್ಲಾಡದೆ ಕೂತು 1962ರಲ್ಲಿ ಗೆದ್ದರು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಬರ್ನಾಲ್ ನಡೆಸುತ್ತಿದ್ದ ವಿಭಾಗಕ್ಕೆ 1953ರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಬಂದು ವೈರಸ್ ರಚನೆಯ ಕೆಲಸ ಶುರುಮಾಡಿದರು. ಅಲ್ಲಿ ಅವರ ಜೊತೆ ಸೇರಿದ ಆರನ್ ಕ್ಲುಗ್‌ಗೆ 1982ರಲ್ಲಿ ಬಂತು.

ಬರ್ನಾಲ್ ಅವರದೇ ಒಂದು ತಪ್ಪೊಪ್ಪಿಗೆ ನನಗೆ ಬಹಳ ಇಷ್ಟ. ದ್ರವದಲ್ಲಿ ಅಣುಗಳು ಹೇಗೆ ಕ್ರಮವಿಲ್ಲದೆ ಗುಂಪುಗೂಡಿರುತ್ತವೆ ಎಂದು ತೋರಿಸಲು ಚೆಂಡು, ಕಡ್ಡಿಗಳಿಂದ ಮಾದರಿ ಕಟ್ಟಬೇಕಿತ್ತು. ಬೇಕೆಂದು ಅಡ್ಡಾದಿಡ್ಡಿ ಜೋಡಿಸುವುದು ಸುಲಭವಲ್ಲ, ಗೊತ್ತಿಲ್ಲದೆ ಕೈ ಒಂದು ಕ್ರಮಕ್ಕೆ ಬೀಳುತ್ತದೆ. ಹಾಗಾಗಿ ತಮ್ಮ ಕಚೇರಿಯಲ್ಲೇ ಕೂತು ಕಟ್ಟಿದರಂತೆ: ಐದು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಅಡ್ಡಿ ಮಾಡುತ್ತಾರೆ, ಹಿಂದೆ ಏನು ಜೋಡಿಸಿದ್ದೆ ಅನ್ನುವುದೇ ಮರೆತುಹೋಗುತ್ತದೆ! ದೊಡ್ಡ ಉಪನ್ಯಾಸವೊಂದರಲ್ಲೇ ಇದನ್ನು ಹೇಳಿಕೊಂಡರು. ಮಾದರಿ ಯಶಸ್ವಿಯಾಯಿತು, ಅದು ಬೇರೆ ಮಾತು.

ಅಷ್ಟು ಜನ ಯಾಕೆ ಬಾಗಿಲು ತಟ್ಟುತ್ತಿದ್ದರು? ಇಲ್ಲಿ ರಾಜಕೀಯ ಬರುತ್ತದೆ. 1901ರಲ್ಲಿ ಟಿಪ್ಪರೇರಿ ಜಿಲ್ಲೆಯ ನೀನಾ ಎಂಬ ಊರಿನ ರೈತರ ಮನೆಯಲ್ಲಿ ಹುಟ್ಟಿ, ಕಟ್ಟಾ ಕ್ಯಾಥೊಲಿಕ್ ಹುಡುಗನಾಗಿ ಬೆಳೆದವರು ಕೇಂಬ್ರಿಜ್‌ಗೆ ಓದಲು ಹೋಗಿ ಸಮಾಜವಾದಿಯಾದರು. 1923ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ವಿಜ್ಞಾನಕ್ಕೆ ಯಾರು ದುಡ್ಡು ಕೊಡುತ್ತಾರೆ, ಅದು ಯಾರ ಉಪಯೋಗಕ್ಕೆ ಹೋಗುತ್ತದೆ ಎಂದು ಕೇಳುವ ದಪ್ಪ ಪುಸ್ತಕವನ್ನು 1939ರಲ್ಲಿ ಬರೆದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ನರಕದ ಜ್ವಾಲೆಯಷ್ಟು ಕೆಂಪಗಿದ್ದರೂ ಪರವಾಗಿಲ್ಲ, ಅವರು ಬೇಕು ಎಂದು ಬ್ರಿಟಿಷ್ ಸಚಿವ ಜಾನ್ ಆಂಡರ್ಸನ್ ಹೇಳಿದ ಮಾತು ಪ್ರಸಿದ್ಧ. ಬಾಂಬು ಬಿದ್ದ ಊರುಗಳ ಅಧ್ಯಯನದಿಂದ ಹಿಡಿದು ಮಿತ್ರಪಡೆಗಳು ಇಳಿಯಬೇಕಿದ್ದ ಫ್ರಾನ್ಸಿನ ನಾರ್ಮಂಡಿ ಕಡಲತೀರದ ಮರಳು ಟ್ಯಾಂಕಿನ ಭಾರ ತಾಳುತ್ತದೆಯೇ ಎಂಬ ಲೆಕ್ಕದವರೆಗೆ ಕೆಲಸ ಮಾಡಿದರು. ಮರದ ತಿರುಳು ಬೆರೆಸಿದ ಮಂಜುಗಡ್ಡೆಯಿಂದ ವಿಮಾನವಾಹಕ ಹಡಗು ಕಟ್ಟುವ ವಿಚಿತ್ರ ಯೋಜನೆಯಲ್ಲೂ ಇದ್ದರು. ಅದಕ್ಕಾಗಿ ಪೆರುಟ್ಜ್ ಲಂಡನ್ನಿನ ಮಾಂಸದ ಮಾರುಕಟ್ಟೆಯ ಶೀತಲ ಕೋಣೆಯಲ್ಲಿ ನಡುಗುತ್ತ ಪ್ರಯೋಗ ಮಾಡಬೇಕಾಯಿತು. ಹಡಗು ಮಾತ್ರ ಏಳಲಿಲ್ಲ.

ಎಡಪಂಥ ಒಂದೇ ಅಡ್ಡಿ ಎನ್ನುವವರು ಇದನ್ನೂ ಗಮನಿಸಬೇಕು. ಬರ್ಕ್‌ಬೆಕ್‌ನಲ್ಲಿ ಬರ್ನಾಲ್‌ಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದ ಪ್ಯಾಟ್ರಿಕ್ ಬ್ಲ್ಯಾಕೆಟ್ ಎಡಪಂಥೀಯರು, 1948ರಲ್ಲಿ ನೊಬೆಲ್ ಪಡೆದರು. ಡೊರೊತಿಗಂತೂ ಎಡ ಒಲವಿನ ಕಾರಣಕ್ಕೆ 1953ರಲ್ಲಿ ಅಮೆರಿಕ ವೀಸಾ ನಿರಾಕರಿಸಿತ್ತು. ಆದರೂ ಬಂತು.

ಬರ್ನಾಲ್‌ಗೆ ಸೋವಿಯತ್ ಒಕ್ಕೂಟ 1953ರಲ್ಲಿ ಸ್ಟಾಲಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. ಅವರ ಹೆಸರಿಗೆ ಮಸಿ ಹತ್ತಿದ್ದು ಮಾತ್ರ ಲೈಸೆಂಕೊ ಪ್ರಕರಣದಲ್ಲಿ. ತಳಿವಿಜ್ಞಾನವೇ ಸುಳ್ಳು ಎಂದು ಸಾರಿದ ಸೋವಿಯತ್ ಕೃಷಿತಜ್ಞ ಟ್ರೋಫಿಮ್ ಲೈಸೆಂಕೊಗೆ ಸ್ಟಾಲಿನ್ ಬೆಂಬಲವಿತ್ತು. ಲೈಸೆಂಕೊನನ್ನು ವಿರೋಧಿಸಿದ್ದ, ಜಗತ್ತಿನ ಬೀಜ ಸಂಗ್ರಹಿಸಿದ್ದ ತಳಿವಿಜ್ಞಾನಿ ನಿಕೊಲಾಯ್ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಸತ್ತಿದ್ದರು. 1948ರಲ್ಲಿ ಸೋವಿಯತ್ ಒಕ್ಕೂಟ ತಳಿವಿಜ್ಞಾನವನ್ನೇ ನಿಷೇಧಿಸಿದ ನಂತರವೂ ಬರ್ನಾಲ್ ಲೈಸೆಂಕೊ ಪರ ಬರೆದರು, ಮಾತಾಡಿದರು. ಸಾಕ್ಷ್ಯ ನೋಡದೆ ಒಂದು ಚುಕ್ಕಿಯನ್ನೂ ನಂಬದ ಮನುಷ್ಯ ಇಲ್ಲಿ ಪಕ್ಷದ ಮಾತನ್ನೇ ಸಾಕ್ಷ್ಯ ಅಂದುಕೊಂಡರು. ಇದಕ್ಕೆ ಸಮಜಾಯಿಷಿ ಹುಡುಕಲು ನನಗೆ ಮನಸ್ಸಿಲ್ಲ. 1949ರಲ್ಲಿ ಮಾಸ್ಕೋದಲ್ಲಿ ಪಾಶ್ಚಾತ್ಯ ವಿಜ್ಞಾನವನ್ನು ಜರೆದ ಭಾಷಣಕ್ಕೆ ವಿಜ್ಞಾನ ಪ್ರಚಾರದ ಸಂಘವಾದ ಬ್ರಿಟಿಷ್ ಅಸೋಸಿಯೇಷನ್ ಅವರನ್ನು ತನ್ನ ಮಂಡಳಿಯಿಂದ ಕೈಬಿಟ್ಟಿತು. 1959ರಿಂದ ವಿಶ್ವ ಶಾಂತಿ ಪರಿಷತ್ತಿನ ಅಧ್ಯಕ್ಷರಾಗಿ ದೇಶದೇಶ ಸುತ್ತಿದರು. 1963ರಲ್ಲಿ ಪಾರ್ಶ್ವವಾಯು ಬಡಿಯಿತು, 1971ರಲ್ಲಿ ತೀರಿಕೊಂಡರು.

ಅವರ ಸುತ್ತಾಟದಿಂದ ನಮ್ಮ ಕಡೆಗೂ ಒಂದು ಲಾಭವಾಯಿತು. 1950ರ ದಶಕದ ಆರಂಭದಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಬಂದಾಗ, ಅಲ್ಲಿನ ಯುವ ಪ್ರಾಧ್ಯಾಪಕ ಜಿ. ಎನ್. ರಾಮಚಂದ್ರನ್ ಜೊತೆ ಮಾತಾಡುತ್ತ, ಚರ್ಮ ಮತ್ತು ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲ ಅಂದರು. ಅಂದು ಹೋದರು, ಅಷ್ಟೇ. ರಾಮಚಂದ್ರನ್ ಊರಲ್ಲೇ ಇದ್ದ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುಬಂಧ ತರಿಸಿಕೊಂಡು, ಗೋಪಿನಾಥ್ ಕರ್ತ ಜೊತೆ ಸೇರಿ 1954ರಲ್ಲಿ ಮೂರೆಳೆಯ ರಚನೆಯನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಅಣುಮಟ್ಟದ ಜೀವಭೌತಶಾಸ್ತ್ರ ವಿಭಾಗ ಕಟ್ಟಿದವರು ಇವರೇ. ಇವರಿಗೂ ನೊಬೆಲ್ ಬರಲಿಲ್ಲ.