ಒಂದೇ ಹಾಡಿಗೆ ‘ಆಲ್ಬಮ್’ ಅನ್ನೋದು ಯಾಕೆ ತಪ್ಪು

ಯಾರೋ ಮನೇಲಿದ್ದ ಹಳೇ ರೆಕಾರ್ಡ್ ಫೋಟೋ ಹಾಕಿದ್ರು, ಏಳಿಂಚಿನ ಸಣ್ಣ ತಟ್ಟೆ, ಮಧ್ಯ ದೊಡ್ಡ ತೂತು, ಲೇಬಲ್ ಮೇಲೆ ಒಂದೇ ಒಂದು ಹಾಡಿನ ಹೆಸರು, ಕೆಳಗೆ "ತಾತನ ಕಾಲದ ಆಲ್ಬಮ್" ಅಂತ ಬರೆದಿದ್ರು. ಅದಕ್ಕೆ ಇನ್ಯಾರೋ ಬಂದು "ಹೌದು, ಈ ಆಲ್ಬಮ್ ಸಾಂಗ್ ಆಗ ಚಾರ್ಟಲ್ಲಿ ನಂಬರ್ ಒನ್" ಅಂತ ಸೇರಿಸಿದ್ರು. ಇದನ್ನ ನೋಡಿ ನೋಡಿ ಸಾಕಾಗಿದೆ. ಅದು ಆಲ್ಬಮ್ ಅಲ್ಲ ಮಾರಾಯ್ರೇ, ಸಿಂಗಲ್, ಅಂದ್ರೆ ಒಂದು ಹಾಡನ್ನ ಬಿಡಿಯಾಗಿ ಮಾರೋಕೆ ಮಾಡಿದ ತಟ್ಟೆ. ಸಿನಿಮಾದಲ್ಲಿಲ್ಲದ ಯಾವ ಹಾಡು ಬಂದ್ರೂ ‘ಆಲ್ಬಮ್ ಸಾಂಗ್’ ಅನ್ನೋ ಚಾಳಿ ನಮಗೆ ಅಂಟಿಕೊಂಡಿದೆ, ಅದೇ ಚಾಳೀಲಿ ಐವತ್ತು ಅರವತ್ತು ವರ್ಷ ಹಿಂದಿನ ಪಾಪ್ ಹಾಡುಗಳನ್ನೂ ಕರೀತಾರೆ, ಅಲ್ಲಿ ಮಾತ್ರ ಅರ್ಥ ಪೂರ್ತಿ ತಲೆಕೆಳಗಾಗುತ್ತೆ.

ಆಲ್ಬಮ್‌ನ ಮೂಲ ಲ್ಯಾಟಿನ್ನಿನ ‘ಆಲ್ಬುಸ್’, ಅಂದ್ರೆ ಬಿಳಿ. ರೋಮನ್ನರಲ್ಲಿ ‘ಆಲ್ಬುಮ್’ ಅಂದ್ರೆ ಬಿಳಿ ಬಳಿದ ಹಲಗೆ, ಸರ್ಕಾರದ ಪ್ರಕಟಣೆ, ಹೆಸರುಗಳ ಪಟ್ಟಿ ಎಲ್ಲ ಅದರ ಮೇಲೆ ಬರೆದು ಜನಕ್ಕೆ ಕಾಣೋ ಹಾಗೆ ಇಡ್ತಿದ್ರು. 16ನೇ ಶತಮಾನಕ್ಕೆ ಬಂದ್ರೆ ಜರ್ಮನಿಯ ವಿದ್ಯಾರ್ಥಿಗಳು ಖಾಲಿ ಹಾಳೆಯ ಪುಸ್ತಕ ಇಟ್ಕೊಂಡು ಗೆಳೆಯರು, ಮೇಷ್ಟ್ರುಗಳ ಕೈಲಿ ಎರಡು ಸಾಲು ಬರೆಸಿ ಸಹಿ ಹಾಕಿಸ್ಕೊಳ್ತಿದ್ರು, ಅದರ ಹೆಸರು ‘ಆಲ್ಬುಮ್ ಅಮಿಕೋರುಮ್’, ಗೆಳೆಯರ ಆಲ್ಬಮ್. ಆಮೇಲೆ ಸ್ಟ್ಯಾಂಪಿನ ಆಲ್ಬಮ್ ಬಂತು, ಫೋಟೋ ಆಲ್ಬಮ್ ಬಂತು. ಇಷ್ಟೂ ಕಡೆ ಆಲ್ಬಮ್ ಅನ್ನೋದು ಏನನ್ನೋ ತುಂಬಿಸಿಡೋಕೆ ಇರೋ ಖಾಲಿ ಜಾಗದ ಹೆಸರು. ಒಂದು ಹಾಡಿಗೆ ಆಲ್ಬಮ್ ಅನ್ನೋದು ಒಂದು ಕಾಳಿಗೆ ಚೀಲ ಅಂದ ಹಾಗೆ.

ರೆಕಾರ್ಡಿಗೆ ಈ ಪದ ಬಂದಿದ್ದೂ ಹಾಗೇ. ಅರಗಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೇಲಿ, ಹತ್ತಿಂಚಿನದಾದ್ರೆ, ಒಂದು ಸೈಡಿಗೆ ಹೆಚ್ಚುಕಮ್ಮಿ ಮೂರು ನಿಮಿಷ ಹಿಡೀತಿತ್ತು. ಸಿಂಫನಿ ಅಂಥ ದೊಡ್ಡ ಕೃತಿ ಕೇಳಬೇಕು ಅಂದ್ರೆ ನಾಲ್ಕೈದು ತಟ್ಟೆ ಬೇಕು, ಅವನ್ನ ಗಟ್ಟಿ ರಟ್ಟಿನ ಬೈಂಡ್ ಇರೋ, ಒಳಗೆ ಕಾಗದದ ಜೇಬುಗಳಿರೋ ಪುಸ್ತಕದಲ್ಲಿ ಹಾಕಿ ಮಾರ್ತಿದ್ರು. ನಿಜವಾಗಲೂ ಪುಸ್ತಕ, ನೋಡೋಕೆ ಫೋಟೋ ಆಲ್ಬಮ್ ಥರಾನೇ. ಖಾಲಿ ಆಲ್ಬಮ್ಮೂ ಸಿಗ್ತಿತ್ತು, ಬಿಡಿ ಬಿಡಿಯಾಗಿ ಕೊಂಡ ತಟ್ಟೆಗಳನ್ನ ಮನೆಯವರೇ ತಮಗೆ ಬೇಕಾದ ಕ್ರಮದಲ್ಲಿ ಅದರಲ್ಲಿ ಜೋಡಿಸಿ ಕಪಾಟಿನಲ್ಲಿ ಇಟ್ಕೊಳ್ತಿದ್ರು. ಹಳೇ ಸೆಟ್ಟುಗಳಲ್ಲಿ ಒಂದು ವಿಚಿತ್ರ ಕಾಣುತ್ತೆ, ನಾಲ್ಕು ತಟ್ಟೆಯ ಸೆಟ್ಟಲ್ಲಿ ಮೊದಲನೇ ತಟ್ಟೆ ಹಿಂದೆ 2 ಅಂತ ಇರೋ ಬದಲು 8 ಅಂತ ಇರುತ್ತೆ, ಎರಡನೇದರ ಹಿಂದೆ 7. ಅದು ಪ್ರಿಂಟ್ ಮಿಸ್ಟೇಕ್ ಅಲ್ಲ. ರೆಕಾರ್ಡ್ ಚೇಂಜರ್, ಅಂದ್ರೆ ತಟ್ಟೆ ತಾನೇ ಬದಲಾಯಿಸೋ ಪ್ಲೇಯರ್, ಇದ್ದವರು ನಾಲ್ಕನ್ನೂ ಕಡ್ಡಿಗೆ ಏರಿಸಿಬಿಟ್ರೆ ಒಂದಾದ ಮೇಲೊಂದು ತಾನೇ ಬಿದ್ದು 1, 2, 3, 4 ಮುಗಿಯುತ್ತೆ, ಆಮೇಲೆ ಅಷ್ಟನ್ನೂ ಒಟ್ಟಿಗೆ ಎತ್ತಿ ಮಗುಚಿ ಏರಿಸಿದ್ರೆ 5ರಿಂದ 8. ಇಷ್ಟೆಲ್ಲ ತಲೆ ಓಡಿಸಿದ್ದೇ ಆಲ್ಬಮ್ ಅಂದ್ರೆ ಹಲವು ತಟ್ಟೆ ಅನ್ನೋ ಕಾರಣಕ್ಕೆ.

1948ರಲ್ಲಿ ಕೊಲಂಬಿಯಾ ಕಂಪನಿ 33⅓ ಆರ್‌ಪಿಎಂನ ಎಲ್‌ಪಿ, ಅಂದ್ರೆ ಲಾಂಗ್ ಪ್ಲೇ ತಟ್ಟೆ, ತಂತು, ಹನ್ನೆರಡಿಂಚಿನ ವಿನೈಲ್ ತಟ್ಟೇಲಿ ಸೈಡಿಗೆ ಇಪ್ಪತ್ತು ನಿಮಿಷದ ಮೇಲೆ. ಒಂದು ಪುಸ್ತಕದಲ್ಲಿದ್ದದ್ದೆಲ್ಲ ಒಂದೇ ತಟ್ಟೆಗೆ ಬಂದುಬಿಡ್ತು, ಪುಸ್ತಕದ ಹೆಸರು ತಟ್ಟೆಗೇ ಅಂಟಿಕೊಳ್ತು. ಮರುವರ್ಷ ಆರ್‌ಸಿಎ ವಿಕ್ಟರ್ 45 ಆರ್‌ಪಿಎಂನ ಏಳಿಂಚಿನ ತಟ್ಟೆ ಬಿಡ್ತು, ಸೈಡಿಗೆ ಒಂದು ಹಾಡು, ಎ ಸೈಡಲ್ಲಿ ಕಂಪನಿ ಓಡಿಸಬೇಕು ಅಂದ್ಕೊಂಡಿದ್ದು, ಬಿ ಸೈಡಲ್ಲಿ ಜಾಗ ತುಂಬಿಸೋಕೆ ಇನ್ನೊಂದು. ಇದೇ ನಾವು ಹೇಳೋ ಸಿಂಗಲ್. ಕಂಪನಿಯವರ ಲೆಕ್ಕಾಚಾರ ಎಷ್ಟು ಸಲ ಕೈಕೊಟ್ಟಿದೆ ಅಂದ್ರೆ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಬಂದಾಗ ಬಿ ಸೈಡು, ಗ್ಲೋರಿಯಾ ಗೇನರ್‌ಳ ‘ಐ ವಿಲ್ ಸರ್ವೈವ್’ ಕೂಡ 1978ರಲ್ಲಿ ಬಿ ಸೈಡೇ, ಎರಡೂ ಆಮೇಲೆ ನಂಬರ್ ಒನ್ ಆದ್ವು. ಅವುಗಳ ಎ ಸೈಡ್ ಯಾವುದು ಅಂತ ಈಗ ಯಾರನ್ನಾದ್ರೂ ಕೇಳಿ ನೋಡಿ.

ಈಗ ‘ಆಲ್ಬಮ್ ಸಾಂಗ್ ನಂಬರ್ ಒನ್’ ವಿಷಯ. ಬ್ರಿಟನ್ನಿನ ಮೊದಲ ಚಾರ್ಟ್ 1952ರ ನವೆಂಬರ್ 14ರದ್ದು, ಎನ್‌ಎಂಇ ಪತ್ರಿಕೆಯವರು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಯಾವುದು ಜಾಸ್ತಿ ಹೋಯ್ತು ಅಂತ ಕೇಳಿ ಮಾಡಿದ್ದು, ಮೇಲಿದ್ದವನು ಗಾಯಕ ಆಲ್ ಮಾರ್ಟಿನೊ. ಅಂದ್ರೆ ಚಾರ್ಟ್ ಲೆಕ್ಕ ಹಾಕ್ತಿದ್ದದ್ದು ಕೌಂಟರಲ್ಲಿ ಮಾರಾಟವಾದ ತಟ್ಟೇನ. ಹಾಡು ಬಿಡಿಯಾಗಿ ಅಂಗಡಿಗೇ ಬರಲಿಲ್ಲ ಅಂದ್ರೆ ಊರೆಲ್ಲ ಹಾಡಿದ್ರೂ ಅದಕ್ಕೆ ಆಗ ಚಾರ್ಟಲ್ಲಿ ಜಾಗ ಇರಲಿಲ್ಲ. ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನವರ ‘ಸ್ಟೇರ್‌ವೇ ಟು ಹೆವನ್’ 1971ರದ್ದು, ಅಮೆರಿಕದಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಬಿಡಲೇ ಇಲ್ಲ. ನೋ ಡೌಟ್ ಬ್ಯಾಂಡಿನವರ ‘ಡೋಂಟ್ ಸ್ಪೀಕ್’ ಅಮೆರಿಕದ ರೇಡಿಯೋ ಚಾರ್ಟಲ್ಲಿ 16 ವಾರ ಮೇಲೇ ಕೂತಿತ್ತು, ಅಲ್ಲಿಯ ಮುಖ್ಯ ಸಿಂಗಲ್ ಚಾರ್ಟ್ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮಾತ್ರ ನೂರನೇ ಜಾಗಾನೂ ಸಿಗಲಿಲ್ಲ, ಯಾಕಂದ್ರೆ ಅದನ್ನೂ ಅಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಬಿಟ್ಟಿರಲಿಲ್ಲ, ಚಾರ್ಟಿಗೆ ಬರೋಕೆ ಸಿಂಗಲ್ ಮಾರಾಟಕ್ಕಿರಬೇಕು ಅನ್ನೋ ನಿಯಮ ಬದಲಾಗಿದ್ದು 1998ರ ಡಿಸೆಂಬರಲ್ಲಿ. ಇಂಥ ಹಾಡಿಗೇ ಅಲ್ಲಿಯವರು ಆಲ್ಬಮ್ ಟ್ರ್ಯಾಕ್ ಅನ್ನೋದು, ಆಲ್ಬಮ್ ಒಳಗೆ ಇದ್ದು ಬಿಡಿಯಾಗಿ ಬರದೇ ಇರೋದು. ನಾವು ಅದೇ ಹೆಸರನ್ನ ಬಿಡಿಯಾಗಿ ಬಂದದ್ದಕ್ಕೆ ಇಟ್ಟಿದ್ದೀವಿ!

ಉಲ್ಟಾ ಉದಾಹರಣೆ ಬೇಕಂದ್ರೆ ಬೀಟಲ್ಸ್‌ನ ‘ಹೇ ಜೂಡ್’, 1968ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್, ಅದೇ ವರ್ಷ ಬಂದ ಅವರ ಡಬಲ್ ಆಲ್ಬಮ್‌ನ ನಾಲ್ಕು ಸೈಡ್ ತಿರುಗಿಸಿದ್ರೂ ಸಿಗಲ್ಲ. ಆ ಡಬಲ್ ಆಲ್ಬಮ್‌ಗೆ ಕವರ್ ಬಿಳಿ ಇದೆ ಅಂತ ಜನ ‘ವೈಟ್ ಆಲ್ಬಮ್’ ಅಂದ್ರು, ಲ್ಯಾಟಿನ್ ಗೊತ್ತಿದ್ದವರಿಗೆ ಅದು ‘ಬಿಳಿ ಬಿಳಿ’ ಅಂತ ಕೇಳಿಸಿರಬೇಕು. ಒಂದೇ ಹಾಡು ಆಲ್ಬಮಲ್ಲೂ ಇದ್ದು ಸಿಂಗಲ್ಲಾಗೂ ಬರೋದು ಮಾಮೂಲಿ, ಆಗಲೂ ಚಾರ್ಟ್ ಏರಿದ್ದು ಸಿಂಗಲ್ಲು. ಆಲ್ಬಮ್ಮುಗಳಿಗೆ ಬೇರೆ ಚಾರ್ಟೇ ಇದೆ.

ಹಾಗಾಗಿ ಅಪ್ಪ ಅಮ್ಮಂದಿರ ರೆಕಾರ್ಡ್ ಗಂಟು ಬಿಚ್ಚಿ ಫೋಟೋ ಹಾಕೋರು ಹಾಕಿ, ಲೇಬಲ್ ಮೇಲೆ ಪೆನ್ನಲ್ಲಿ ಬರೆದ ಹೆಸರು, ಪಾರ್ಟಿಗೆ ಹೋದ ತಟ್ಟೆ ವಾಪಸ್ ಬರಲಿ ಅಂತ ಬರೀತಿದ್ದದ್ದು, ಅದನ್ನ ನೋಡೋಕೆ ನನಗೂ ಖುಷಿ. ಕ್ಯಾಪ್ಷನ್ ಹಾಕೋ ಮುಂಚೆ ತಟ್ಟೆ ಎಷ್ಟಿಂಚು, ಸೈಡಿಗೆ ಎಷ್ಟು ಹಾಡು ಅಂತ ಒಮ್ಮೆ ನೋಡ್ಕೊಳ್ಳಿ. ಏಳಿಂಚೇ ಇದ್ದು ಸೈಡಿಗೆ ಎರಡೆರಡು ಹಾಡಿದ್ರೆ ಅದು ಇಪಿ (ಎಕ್ಸ್‌ಟೆಂಡೆಡ್ ಪ್ಲೇ), ಅದಕ್ಕೂ ಆಲ್ಬಮ್ ಅನ್ನಬೇಡಿ.