112 ನ್ಯೂಟನ್ ಮೀಟರ್ ಅಂದರೆ ಎಷ್ಟು?

"ಕಾಕಾ, ಹಳೇದ್ರಾಗ 90 ಇತ್ತು, ಹೊಸದ್ರಾಗ ಬರೇ 82. ಇಂಜಿನ್ ಶಕ್ತಿ ಕಮ್ಮಿ ಮಾಡ್ಯಾರಲ್ರಿ?"

ಕಲಬುರಗಿಯ ನಮ್ಮ ಮನೆಗೆ ಅಣ್ಣನ ಮಗ ಮಾರುತಿ ಸ್ವಿಫ್ಟ್ ಕಾರಿನ ವಿವರದ ಹಾಳೆ ಹಿಡಿದುಕೊಂಡು ಬಂದಿದ್ದ. ಅವನ ಲೆಕ್ಕ ಸರಿ. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿರುವುದು 1197 ಸಿಸಿ ಪೆಟ್ರೋಲ್ ಇಂಜಿನ್. ಹಳೆಯದೂ 1197 ಸಿಸಿಯೇ. ಅದಕ್ಕೆ ನಾಲ್ಕು ಸಿಲಿಂಡರ್, ಇದಕ್ಕೆ ಮೂರು. ಪವರ್ 90 ಪಿಎಸ್‌ನಿಂದ 82ಕ್ಕೆ ಇಳಿದಿದೆ (ಪಿಎಸ್ ಅಂದರೆ ಅಶ್ವಶಕ್ತಿಯ ಒಂದು ಅಳತೆ). ಆದರೆ ಅವನು ಓದದೆ ಬಿಟ್ಟ ಸಾಲು ಅದರ ಕೆಳಗೇ ಇತ್ತು. ಟಾರ್ಕ್ ಮೊದಲು 113 ನ್ಯೂಟನ್ ಮೀಟರ್, ಈಗ 112.

ಟಾರ್ಕ್ ಅಂದರೆ ತಿರುಗಿಸುವ ಬಲ. ಪಂಕ್ಚರ್ ಅಂಗಡಿಯಲ್ಲಿ ನೀವೂ ನೋಡಿರುತ್ತೀರಿ. ಚಕ್ರದ ನಟ್ಟು ಜಗ್ಗದಿದ್ದರೆ ಹುಡುಗ ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ಸಿಗಿಸುತ್ತಾನೆ. ಕೈಬಲ ಅಷ್ಟೇ, ಹಿಡಿ ಮಾತ್ರ ಉದ್ದ. ಕಿರ್ ಅಂತ ನಟ್ಟು ಸಡಿಲವಾಗುತ್ತದೆ. ಒಂದು ಮೀಟರ್ ಪೈಪಿನ ತುದಿಗೆ ಹನ್ನೊಂದೂವರೆ ಕೆಜಿ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವುದೇ ಸುಮಾರು 112 ನ್ಯೂಟನ್ ಮೀಟರ್. ಒಂದು ಕೊಡ ನೀರಿನ ತೂಕ, ಅಷ್ಟೇ!

ಇಷ್ಟರಲ್ಲಿ ಐದು ಜನ ಕೂತ ಕಾರು ಹೇಗೆ ಕದಲುತ್ತದೆ? ಇಲ್ಲೇ ಗೇರ್‌ಬಾಕ್ಸಿನ ಕೆಲಸ. ನನಗಂತೂ ಕಾರಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಸಣ್ಣ ಕಾರುಗಳಲ್ಲಿ ಮೊದಲ ಗೇರು ಬಲವನ್ನು ಸುಮಾರು ಮೂರೂವರೆ ಪಟ್ಟು ಮಾಡುತ್ತದೆ. ಚಕ್ರಕ್ಕೆ ಹೋಗುವ ಮುಂಚೆ ಇನ್ನೊಂದು ಜೋಡಿ ಹಲ್ಲುಗಾಲಿ ಅದನ್ನು ಮತ್ತೆ ನಾಲ್ಕು ಪಟ್ಟಿನ ಹತ್ತಿರ ತರುತ್ತದೆ. ಒಟ್ಟು ಹದಿನಾಲ್ಕು ಪಟ್ಟು. ಟಯರಿನ ನಡುವಿನಿಂದ ಅಂಚಿಗೆ 30 ಸೆಂಟಿಮೀಟರ್ ಅಂತ ಹಿಡಿಯಿರಿ. ಹಲ್ಲುಗಳ ತಿಕ್ಕಾಟದಲ್ಲಿ ಸ್ವಲ್ಪ ಕಳೆದರೂ ರಸ್ತೆಯನ್ನು ಹಿಂದಕ್ಕೆ ಒತ್ತುವ ಬಲ ಸುಮಾರು 500 ಕೆಜಿ ತೂಕಕ್ಕೆ ಸಮ. ಪುಕ್ಕಟೆ ಮಾತ್ರ ಅಲ್ಲ. ಇಂಜಿನ್ ಹದಿನಾಲ್ಕು ಸುತ್ತು ಸುತ್ತಿದರೆ ಚಕ್ರ ತಿರುಗುವುದು ಒಂದೇ ಸುತ್ತು.

ಹಾಗಾದರೆ ಪವರ್? ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ಬರುವುದು ಅದು. ಹಳೆಯ ಇಂಜಿನ್ ತನ್ನ 90 ಕೊಡುತ್ತಿದ್ದುದು ನಿಮಿಷಕ್ಕೆ 6000 ಸುತ್ತಿನಲ್ಲಿ. ಹೊಸದು 82 ಕೊಡುವುದು 5700ರಲ್ಲಿ. ಸೂಪರ್ ಮಾರ್ಕೆಟ್ ಕಡೆಯ ಗದ್ದಲದಲ್ಲಿ ಆಟೋಗಳ ನಡುವೆ ಎರಡನೇ ಗೇರಿನಲ್ಲಿ ನುಸುಳುವಾಗ ಅಷ್ಟು ಜೋರಾಗಿ ಇಂಜಿನ್ ಓಡಿಸುವವರು ಯಾರು? ಸಿಲಿಂಡರ್ ಒಂದು ಕಡಿಮೆ ಆದದ್ದರಿಂದ ಒಳಗೆ ತಿಕ್ಕಾಟವೂ ಕಡಿಮೆ. ಮೈಲೇಜ್ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಕಂಪನಿ ಹೇಳುವ ಮೈಲೇಜ್ ಮ್ಯಾನುಯಲ್ ಕಾರಿನಲ್ಲಿ ಲೀಟರಿಗೆ 22.38 ಕಿಮೀ ಇದ್ದದ್ದು 24.80 ಆಗಿದೆ.

ನಮ್ಮೂರಿನವರು ಇನ್ನೊಂದು ಲೆಕ್ಕ ಹಿಡಿಯಬೇಕು, ಬಿಸಿಲಿನದು. ಬಿಸಿಗಾಳಿ ತೆಳು. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯಲ್ಲಿ ಅಷ್ಟೇ ಜಾಗದಲ್ಲಿ ಹಿಡಿಯುವ ಗಾಳಿ ಸುಮಾರು ನೂರಕ್ಕೆ ಐದರಷ್ಟು ಕಡಿಮೆ. ಗಾಳಿ ಕಡಿಮೆಯಾದರೆ ಉರಿಯುವ ಪೆಟ್ರೋಲೂ ಕಡಿಮೆ. ಅದರ ಮೇಲೆ ಎಸಿಯ ಭಾರ ಬೇರೆ. ಅದಕ್ಕೇ ಅವನಿಗೆ, "ಮುಂಜಾನೆ ತಂಪಿನಾಗ ಬ್ಯಾಡ, ಮಧ್ಯಾಹ್ನ ಮನಿ ಮಂದಿನ್ನೆಲ್ಲಾ ಕೂಡಿಸ್ಕೊಂಡು ಎಸಿ ಹಾಕಿ ಓಡಿಸಿ ನೋಡು" ಅಂದೆ.

ನೋಡಿದೆವು. ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಮುಂದಿನ ಆಟೋ ನಿಧಾನವಾಯಿತು. ಇವನು ಮೂರನೇ ಗೇರಿನಲ್ಲೇ ಇದ್ದ. ಆ ಗೇರು ಬಲವನ್ನು ಹೆಚ್ಚಿಸುವುದು ಒಂದೂಕಾಲು ಪಟ್ಟಿನ ಆಸುಪಾಸು ಮಾತ್ರ. ಎರಡನೆಯದು ಹತ್ತಿರ ಹತ್ತಿರ ಎರಡು ಪಟ್ಟು. "ಎರಡಕ್ಕ ಇಳಿಸು" ಅಂದೆ. ಇಳಿಸಿದ. ಕಾರು ಸಲೀಸಾಗಿ ಹತ್ತಿತು.