ದರಕು ಗುಡಿಸುವ ಕಾಲ, ಮಂಗನ ಕಾಯಿಲೆಯ ಕಾಲ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲು ಮುಗಿಯುತ್ತಿದ್ದ ಹಾಗೆ ಬೆಟ್ಟದ ಕೆಲಸ ಶುರುವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮರಗಳು ಎಲೆ ಉದುರಿಸುತ್ತವೆ. ಆ ಒಣ ಎಲೆಗೆ ನಮ್ಮ ಕಡೆ ದರಕು ಎನ್ನುತ್ತಾರೆ. ಹೆಂಗಸರು ಬೆಳಿಗ್ಗೆಯೇ ಬೆಟ್ಟ ಹತ್ತಿ ದರಕು ಗುಡಿಸುತ್ತಾರೆ, ಹೊರೆ ಕಟ್ಟಿ ತಲೆ ಮೇಲೆ ಹೊತ್ತು ತರುತ್ತಾರೆ. ಅದು ಕೊಟ್ಟಿಗೆಗೆ ಹಾಸಾಗುತ್ತದೆ. ಸಗಣಿ ಜೊತೆ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಇದೇ ತಿಂಗಳುಗಳಲ್ಲಿ, ಇದೇ ದರಕಿನ ನಡುವೆ, ಎಳ್ಳಿಗಿಂತ ಸಣ್ಣ ಮರಿ ಉಣುಗುಗಳು (ರಕ್ತ ಹೀರುವ ಉಣ್ಣೆಗಳು) ಯಾವುದಾದರೂ ಪ್ರಾಣಿ ಹಾದುಹೋಗಲಿ ಎಂದು ಕಾಯುತ್ತಿರುತ್ತವೆ. ಮಂಗನ ಕಾಯಿಲೆಯ ಕಥೆಯೆಲ್ಲ ಈ ಎರಡು ಒಂದೇ ಕಾಲಕ್ಕೆ ಬರುವುದರಲ್ಲಿದೆ.

ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಈ ಕಾಯಿಲೆಯನ್ನು ಒಂದು ಸಾಲಿನಲ್ಲಿ ಕಲಿಯುತ್ತಾರೆ. 1957, ಕ್ಯಾಸನೂರು, ಫ್ಲೇವಿವೈರಸ್ ಎಂಬ ಗುಂಪಿನ ವೈರಸ್, ಉಣುಗಿನಿಂದ ಹರಡುತ್ತದೆ. ಬಹು ಆಯ್ಕೆಯ ಪ್ರಶ್ನೆಗೆ ಅಷ್ಟು ಸಾಕು. ಮುಖ್ಯ ಪರೀಕ್ಷೆಯಲ್ಲಿ ಪರಿಸರಕ್ಕೂ ಜನರ ಆರೋಗ್ಯಕ್ಕೂ ಏನು ನಂಟು ಎಂದು ಕೇಳಿದಾಗ ಮಾತ್ರ ಆ ಒಂದು ಸಾಲು ಕೈ ಕೊಡುತ್ತದೆ. ಉತ್ತರ ನಮ್ಮ ಮನೆಯ ಹಿಂದಿನ ಬೆಟ್ಟದಲ್ಲೇ ಇದೆ ಅಲ್ವಾ? ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕ್ಯಾಸನೂರಿಗೂ ಮೊದಲು ಮಲೆನಾಡನ್ನು ಕಾಡಿದ್ದು ಬೇರೆ ಜ್ವರ. ಮಲೇರಿಯಾದ ಭಯಕ್ಕೆ ಘಟ್ಟದ ಊರುಗಳಲ್ಲಿ ಜನ ನಿಲ್ಲುತ್ತಿರಲಿಲ್ಲ. 1945–46ರ ಸುಮಾರಿಗೆ ಆಗಿನ ಬಾಂಬೆ ಪ್ರಾಂತ್ಯ ಮಲೇರಿಯಾ ತಡೆಯಲು ಮನೆಗಳ ಗೋಡೆಗೆ ಡಿಡಿಟಿ ಕೀಟನಾಶಕ ಸಿಂಪಡಿಸುವ ಕೆಲಸ ಶುರು ಮಾಡಿತು. ಅದಕ್ಕೆ ಆರಿಸಿಕೊಂಡ ಜಿಲ್ಲೆಗಳು ಧಾರವಾಡ ಮತ್ತು ನಮ್ಮ ಉತ್ತರ ಕನ್ನಡ. ಆ ಕೆಲಸದ ಹಿಂದೆ ಇದ್ದವರು ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್. 1953ರಲ್ಲಿ ಇಡೀ ದೇಶಕ್ಕೆ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಜ್ವರ ಇಳಿಯಿತು. ಕಾಡಿನ ಅಂಚಿನಲ್ಲಿ ಮನೆ ಕಟ್ಟಿ, ಗದ್ದೆ ಮಾಡಿ, ದನ ಸಾಕಿ ಬದುಕಬಹುದು ಎಂಬ ಧೈರ್ಯ ಬಂತು. ಇದು ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರೂ ದನಗಳೂ ಕಾಡಿನ ಒಳಗೆ ಹಿಂದೆಂದಿಗಿಂತ ಜಾಸ್ತಿ ಓಡಾಡತೊಡಗಿದ್ದೂ ಇದೇ ಕಾಲದಲ್ಲಿ.

ಆಮೇಲೆ ಬಂದದ್ದು 1957. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ಜೋರು ಜ್ವರ ಬಂತು. ಸೊರಬ ಎಂದರೆ ನಮಗೆ ದೂರದ ಊರೇನೂ ಅಲ್ಲ, ಬನವಾಸಿಯ ಪಕ್ಕದ ಸೀಮೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಅದನ್ನು ಕಟ್ಟಿದ್ದವು. ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಮನುಷ್ಯರನ್ನು, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಕೊಲ್ಲುವ ಆ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು ಎಲ್ಲರಿಗೂ ಗಾಬರಿ. ಸತ್ತ ಮಂಗಗಳಿಂದ ಬೇರ್ಪಡಿಸಿದ ವೈರಸ್ ನೋಡಿದರೆ ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಅದು ನೆಂಟ. ಆ ವರ್ಷ 466 ಜನರಿಗೆ ಕಾಯಿಲೆ ಬಂದಿತ್ತು ಎಂಬುದು ದಾಖಲೆ. ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಈ ಮೊದಲ ತನಿಖೆಯ ಮುಖ್ಯ ಹೆಸರುಗಳು.

ಸೈಬೀರಿಯದ ವೈರಸ್‌ನ ನೆಂಟ ಸೊರಬಕ್ಕೆ ಹೇಗೆ ಬಂದ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಜೊತೆ ಬಂದಿರಬಹುದು ಎಂಬ ಊಹೆ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿ ನಡೆಸಿದ ಹಕ್ಕಿ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಮ್ಮ ದೇಶದಲ್ಲಿ ದೊಡ್ಡದಾಗಿ ಬೆಳೆದದ್ದು ಹೀಗೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು. ಅದು ಕ್ಯಾಸನೂರಿನ ವೈರಸ್‌ಗೆ ತೀರಾ ಹತ್ತಿರದ್ದು, ಅಂದರೆ ಇದರ ನೆಂಟರು ರಷ್ಯಾದ ಕಡೆ ಮಾತ್ರ ಇಲ್ಲ.

ಈಗ ಉಣುಗಿನ ವಿಷಯ. ಇದನ್ನು ಸರಿಯಾಗಿ ತಿಳಿದುಕೊಂಡರೆ ಕಾಯಿಲೆಯೇ ಅರ್ಥವಾಗುತ್ತದೆ.

ವೈರಸ್ ಹರಡುವ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳ ರಕ್ತ ಕುಡಿಯುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಎಲೆಗಳ ಅಡಿ ರಾಶಿ ರಾಶಿ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯಿಂದ ಹೊರಬಂದ ಹುಳುಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಅಲ್ಲಿ ರಕ್ತ ಕುಡಿದು ಕೆಳಗೆ ಬಿದ್ದು, ಪೊರೆ ಕಳಚಿ ಮರಿ ಉಣುಗಾಗುತ್ತವೆ. ನವೆಂಬರ್‌ನಿಂದ ಮೇವರೆಗೆ ಕಾಡಿನ ನೆಲದ ತುಂಬ ಇವೇ. ಮನುಷ್ಯರನ್ನು ಕಚ್ಚುವುದು ಜಾಸ್ತಿ ಈ ಮರಿಗಳು. ಹುಳುವಾಗಿದ್ದಾಗ ವೈರಸ್ ಇರುವ ಪ್ರಾಣಿಯ ರಕ್ತ ಕುಡಿದಿದ್ದರೆ ಮರಿಯಾದ ಮೇಲೂ ವೈರಸ್ ಅದರೊಳಗೆ ಉಳಿದಿರುತ್ತದೆ.

ಮಂಗ ಈ ಚಕ್ರದ ನಡುವೆ ಸಿಕ್ಕಿಬಿದ್ದ ಜೀವ. ಕಪ್ಪು ಮುಖದ ಮುಸುವವೂ ಕೆಂಪು ಮುಖದ ಮಂಗವೂ ಈ ವೈರಸ್‌ಗೆ ನಮ್ಮ ಹಾಗೆಯೇ ಬಲಿಯಾಗುತ್ತವೆ. ಸತ್ತ ಮಂಗನ ಮೈಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಅಲ್ಲೇ ಸುತ್ತ ಹರಡುತ್ತವೆ. ಆ ಜಾಗ ಅಪಾಯದ ಜಾಗವಾಗುತ್ತದೆ. ಸತ್ತ ಮಂಗನನ್ನು ಮುಟ್ಟಬೇಡಿ, ಕೂಡಲೇ ಪಂಚಾಯಿತಿಗೋ ಆರೋಗ್ಯ ಇಲಾಖೆಗೋ ತಿಳಿಸಿ ಎಂದು ಹೇಳುವುದು ಇದಕ್ಕೇ. ಆ ಜಾಗದ ಸುತ್ತ 50 ಅಡಿವರೆಗೆ ಮೆಲಥಿಯಾನ್ ಎಂಬ ಕೀಟನಾಶಕ ಹೊಡೆಯುವುದೂ ಇದಕ್ಕೇ. ಕಾಯಿಲೆಗೆ ಮಂಗನ ಹೆಸರಿಟ್ಟು ನಾವು ಆ ಪ್ರಾಣಿಗೆ ಅನ್ಯಾಯ ಮಾಡಿದ್ದೇವೆ ಎಂದೇ ನನಗೆ ಅನ್ನಿಸುತ್ತದೆ. ಮಂಗ ಸಾಯುವುದು ನಮಗೆ ಸಿಗುವ ಮೊದಲ ಎಚ್ಚರಿಕೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂಖ್ಯೆ ಬೆಳೆಯುವುದು ಅದರ ಮೈಮೇಲೆ. ಒಬ್ಬರಿಂದ ಒಬ್ಬರಿಗೆ ಕಾಯಿಲೆ ಅಂಟುವುದಿಲ್ಲ. ಜ್ವರ ಬಂದವರ ಮನೆಗೆ ಹೋಗಲು ಹೆದರುವ ಜನ ಈಗಲೂ ಇದ್ದಾರೆ, ಅದರ ಅಗತ್ಯವೇ ಇಲ್ಲ.

ನಮ್ಮ ಜಿಲ್ಲೆಯ ಬೆಟ್ಟದ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬ್ರಿಟಿಷರ ಕಾಲದಿಂದಲೂ ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಮಾಲೀಕತ್ವ ಸರ್ಕಾರದ್ದು, ಸೊಪ್ಪು ಮತ್ತು ದರಕು ತೋಟದವರದ್ದು. ಈ ಬೆಟ್ಟ ಇರುವುದರಿಂದಲೇ ತೋಟ ಬದುಕಿದೆ. ಆದರೆ ಅಲ್ಲಿ ಹೋಗಿ ಬಾಗಿ, ಕೂತು, ಕೈಯಲ್ಲಿ ಬಾಚಿ ದರಕು ತುಂಬುವವರು ಯಾರು? ಹೆಚ್ಚಿನ ಕಡೆ ಕೂಲಿಗೆ ಹೋಗುವ ಹೆಂಗಸರು. ಸೌದೆ ತರುವವರು, ದನ ಮೇಯಿಸುವವರು, ಅಂಟುವಾಳ ಹೆಕ್ಕುವವರು, ಬೇಸಿಗೆಯಲ್ಲಿ ಜೇನು ಕೊಯ್ಯುವವರು ಎಲ್ಲರೂ ಇದೇ ತಿಂಗಳುಗಳಲ್ಲಿ ಕಾಡಿನಲ್ಲಿರುತ್ತಾರೆ. ಮನೆಯಿಂದ ಹೊರಡದವರಿಗೂ ದರಕಿನ ಹೊರೆಯ ಜೊತೆ, ದನದ ಜೊತೆ ಉಣುಗು ಅಂಗಳಕ್ಕೆ ಬರುತ್ತದೆ.

ಕಾಡು ಕಡಿದದ್ದಕ್ಕೆ ಕಾಯಿಲೆ ಬಂತು ಎಂದು ಪರೀಕ್ಷೆಯಲ್ಲಿ ಬರೆದುಬಿಡುವುದು ಸುಲಭ. ಅದರಲ್ಲಿ ಸತ್ಯವಿದೆ. ಹೋರ್ಹೆ ಬೋಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ 1969ರಲ್ಲೇ ಇದನ್ನು ಬರೆದಿದ್ದರು. ಕಾಡಿನ ಒಳಗೆ ಗದ್ದೆ ಬಂದು, ದನ ಮೇಯತೊಡಗಿ, ಕಾಡಿನ ಹಳೆಯ ಸಮತೋಲನ ಕೆಟ್ಟು ವೈರಸ್ ಹೊರಬಂತು ಎನ್ನುವುದು ಅವರ ವಾದ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ತೆರವು ಮಾಡಿದ ಮೇಲೆ ಕಾಯಿಲೆ ಭೀಕರವಾಗಿ ಹಬ್ಬಿದ್ದು ಆ ವಾದಕ್ಕೆ ಬಲ ಕೊಟ್ಟಿತು. ಆದರೆ 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಶಿವಮೊಗ್ಗ ಜಿಲ್ಲೆಯ ನಕ್ಷೆ ಹಿಡಿದು ಲೆಕ್ಕ ಹಾಕಿದಾಗ ಇನ್ನಷ್ಟು ಸೂಕ್ಷ್ಮ ಚಿತ್ರ ಸಿಕ್ಕಿತು. ನಿತ್ಯಹಸಿರು ಕಾಡು, ತೋಟ, ನಾಡ ದನ ಮೂರೂ ಬೆರೆತಿರುವ ಕಡೆ ಅಪಾಯ ಹೆಚ್ಚು. ಒಣ ಪ್ರದೇಶದ, ಎಲೆ ಉದುರಿಸುವ ಕಾಡೇ ಹೆಚ್ಚಿರುವ ಕಡೆ ಕಡಿಮೆ. ಅಂದರೆ ನಮ್ಮ ಮಲೆನಾಡಿನ ಬದುಕು ಇರುವ ರೀತಿಯೇ ಅದು. ಬೋಳಾದ ಗುಡ್ಡದಲ್ಲೂ ದಟ್ಟ ಅಡವಿಯಲ್ಲೂ ಹುಡುಕುವ ಬದಲು ತೋಟದ ಅಂಚಿನಲ್ಲಿ, ಬೆಟ್ಟದ ಕಾಲುದಾರಿಯಲ್ಲಿ ಕಾಯಿಲೆಯನ್ನು ಹುಡುಕಬೇಕು.

ಬಹಳ ವರ್ಷ ಇದು ಸೊರಬ, ಸಾಗರ, ಶಿಕಾರಿಪುರದ ಕಾಯಿಲೆ ಎಂದೇ ಇತ್ತು. 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಬಂತು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು. ಅಲ್ಲಿಂದ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಸಾವುಗಳು ಶರಾವತಿ ಕಣಿವೆಯನ್ನೇ ನಡುಗಿಸಿದವು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನ ಕೊರ್ಲಕೈ ಸುತ್ತಮುತ್ತ ಪ್ರಕರಣಗಳು ಏರಿದವು.

ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ತಲೆ ಸಿಡಿಯುವ ನೋವು, ಮೈ ಕೈ ಮುರಿದ ಹಾಗೆ, ಕಣ್ಣು ಕೆಂಪು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಕೆಲವರಿಗೆ ಜ್ವರ ಬಿಟ್ಟು, ವಾಸಿಯಾಯಿತು ಎನ್ನುವಾಗ ಮತ್ತೆ ಬರುತ್ತದೆ. ಆಗ ಮಿದುಳಿಗೂ ತೊಂದರೆಯಾಗಬಹುದು. ನೂರು ಜನರಿಗೆ ಬಂದರೆ 3ರಿಂದ 5 ಜನ ಉಳಿಯುವುದಿಲ್ಲ. ಇದಕ್ಕೆಂದೇ ಔಷಧಿ ಇಲ್ಲ. ಬೇಗ ಗೊತ್ತಾಗಿ, ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿಕೊಳ್ಳುವುದೇ ಚಿಕಿತ್ಸೆ. ಹಾಗಾಗಿ ದೂರ ಎನ್ನುವುದು ಇಲ್ಲಿ ಬಹಳ ಮುಖ್ಯ. ಸಿದ್ದಾಪುರದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಘಟ್ಟ ಇಳಿದು 100 ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಕಷ್ಟವಾದರೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಓಡುವುದು ನಮ್ಮ ಜನರಿಗೆ ರೂಢಿ. 2019ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಊರೂರಿನಲ್ಲಿ ಎದ್ದ ಕೂಗನ್ನು ಈ ಹಿನ್ನೆಲೆಯಲ್ಲೂ ಕೇಳಿಸಿಕೊಳ್ಳಬೇಕು.

ಲಸಿಕೆ ಇತ್ತು. 1990ರ ದಶಕದ ಆರಂಭದಿಂದ ಕೊಡುತ್ತಿದ್ದರು, ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಒಂದು. 1990–92ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 93.5ರಷ್ಟು ರಕ್ಷಣೆ ಸಿಕ್ಕಿತ್ತು. 2005ರಿಂದ 2010ರವರೆಗಿನ ಲೆಕ್ಕದಲ್ಲಿ ಅದು ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ 82.9. ಸೂಜಿ ಚುಚ್ಚಿದ ಜಾಗ ತುಂಬಾ ನೋಯುತ್ತದೆ, ಕೂಲಿ ತಪ್ಪುತ್ತದೆ ಎಂದು ಜನ ಎರಡನೇ ಡೋಸ್‌ಗೆ ಬರುತ್ತಿರಲಿಲ್ಲ. ಅವರನ್ನು ದೂರುವುದು ಸರಿಯಲ್ಲ. ದಿನಗೂಲಿಯ ಮನೆಯಲ್ಲಿ ವರ್ಷಕ್ಕೊಮ್ಮೆ ಎರಡು ದಿನ ತೋಳು ಎತ್ತಲಾಗದಿದ್ದರೆ ಅದು ಸಣ್ಣ ವಿಷಯ ಅಲ್ಲ. ಕೊನೆಗೆ ಲಸಿಕೆಯ ಸಾಮರ್ಥ್ಯವೇ ಸಾಲದು ಎಂದಾಗಿ 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೈಗೆತ್ತಿಕೊಂಡಿದೆ. 1957ರಲ್ಲಿ ಗುರುತಿಸಿದ ಕಾಯಿಲೆ ಇದು. ವರ್ಷಕ್ಕೆ 400–500 ಜನರಿಗೆ ಮಾತ್ರ ಬರುತ್ತದೆ, ಅದೂ ಕಾಡಿನ ಅಂಚಿನ ಬಡವರಿಗೆ. ಅದಕ್ಕೇ ಇಷ್ಟು ತಡವಾಯಿತು ಎಂದು ನಾನು ನಂಬಿದ್ದೇನೆ.

ಸದ್ಯಕ್ಕೆ ಕೈಯಲ್ಲಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ. ಮೊದಲು ಡಿಎಂಪಿ ಕೊಡುತ್ತಿದ್ದರು, ಈಗ ಡೆಪಾ. ರಕ್ಷಣಾ ಇಲಾಖೆಯ ವಿಜ್ಞಾನಿಗಳು ಸೈನಿಕರಿಗೆಂದು ಕಂಡುಹಿಡಿದ ಎಣ್ಣೆ ಅದು. ಬೆಟ್ಟಕ್ಕೆ ಹೋಗುವ ಮೊದಲು ಕೈ ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಮೈ ಮುಚ್ಚುವ ಬಟ್ಟೆ ಹಾಕಬೇಕು. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಎಣ್ಣೆ ಬೆವರಿಗೆ ಇಳಿಯುತ್ತದೆ, ಮಧ್ಯಾಹ್ನ ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ಬಾಟಲಿ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಮಂಗ ಸತ್ತ ಸುದ್ದಿ ಬಂದ ಮೇಲೆ ಹಂಚುವ ಬದಲು ನವೆಂಬರ್‌ನಲ್ಲೇ, ದರಕು ಗುಡಿಸುವ ಮೊದಲೇ, ಅದು ಪ್ರತಿ ಮನೆಯ ಜಗುಲಿಯಲ್ಲಿ ಇರಬೇಕು.